ಹತ್ತು ಹೆಜ್ಜೆಗೆ ಹಿಡಿಯುವ ಕಾಲು: ರಕ್ತನಾಳದ ತೊಂದರೆಗೆ ಬೇಗ ಚಿಕಿತ್ಸೆ ಪಡೆಯುವುದು ಹೇಗೆ?

ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಮನೆಯಿಂದ ಕೆಳಗೆ, ಹಳ್ಳದ ಪಕ್ಕ. ತೀರ್ಥಹಳ್ಳಿ ಕಡೆಯ ತೋಟಗಳು ಹಾಗೇ ಅಲ್ವಾ, ಇಳಿಯುವುದು ಸುಲಭ, ಹತ್ತುವುದೇ ಕಷ್ಟ. ಎರಡು ವರ್ಷದ ಹಿಂದೆ ಅವರಿಗೊಂದು ಹೊಸ ಅಭ್ಯಾಸ ಶುರುವಾಯಿತು. ಹತ್ತಿ ಬರುವಾಗ ಹಲಸಿನ ಮರದ ಹತ್ತಿರ ನಿಂತು, ತಲೆ ಎತ್ತಿ ಅಡಿಕೆ ಗೊನೆ ನೋಡುತ್ತಿದ್ದರು. ಕೊಳೆ ಬಂದಿದೆಯಾ ಅಂತ ನೋಡುತ್ತಿರಬೇಕು ಅಂದುಕೊಂಡೆವು. ಆದರೆ ಕೊಯ್ಲು ಮುಗಿದ ಮೇಲೂ ಅಲ್ಲೇ ನಿಲ್ಲುತ್ತಿದ್ದರು. ಗೊನೆಯೇ ಇಲ್ಲದ ಮರದಲ್ಲಿ ನೋಡುವುದೇನು? ಕೇಳಿದರೆ, ‘ಮೀನಖಂಡ ಹಿಡಿಯುತ್ತೆ ಮಾರಾಯ, ಎರಡು ನಿಮಿಷ ನಿಂತರೆ ಸರಿ ಹೋಗುತ್ತೆ’ ಅಂದರು.

ರೋಗದ ಗುರುತು ಆ ಮಾತಿನಲ್ಲೇ ಇತ್ತು. ನಾವು ಮಾತ್ರ ವಾತ ಅಂತ ಎಣ್ಣೆ ತಿಕ್ಕಿ ಒಂದು ಮಳೆಗಾಲ ಕಳೆದೆವು.

ಮೊದಲು ನೋವಿನ ಲೆಕ್ಕ ಇಡಿ

ಕಾಲಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಕೊಬ್ಬು ಕಟ್ಟಿಕೊಂಡರೆ, ತೋಟದ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ಹರಿವು ಕಮ್ಮಿಯಾಗುತ್ತದೆ. ಕೂತಾಗ ಅಷ್ಟು ರಕ್ತ ಸಾಕು. ಗುಡ್ಡ ಹತ್ತುವಾಗ ಸ್ನಾಯು ಜಾಸ್ತಿ ಕೇಳುತ್ತದೆ, ಸಿಗುವುದಿಲ್ಲ, ನೋಯುತ್ತದೆ. ಹಾಗಾಗಿ ಈ ನೋವಿಗೆ ಒಂದು ಶಿಸ್ತು ಇದೆ. ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬರುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಮಂಡಿ ಸವೆತದ ನೋವು ಹೀಗಿರುವುದಿಲ್ಲ, ಒಂದು ದಿನ ಹಾಗೆ, ಒಂದು ದಿನ ಹೀಗೆ.

ಒಂದು ವಾರ ಬರೆದಿಡಿ: ಎಲ್ಲಿಂದ ಹೊರಟಿರಿ, ಎಲ್ಲಿ ನಿಂತಿರಿ, ಎಷ್ಟು ಹೊತ್ತು. ‘ಹಲಸಿನ ಮರದವರೆಗೆ’ ಅಂತ ಬರೆದರೂ ಸಾಕು. ‘ಕಾಲು ನೋವು ಡಾಕ್ಟ್ರೇ’ ಅನ್ನುವುದಕ್ಕಿಂತ ಆ ಚೀಟಿ ಹೆಚ್ಚು ಹೇಳುತ್ತದೆ.

ಕಾಲನ್ನು ಬೆಳಕಿನಲ್ಲಿ ನೋಡಿ

ಎರಡೂ ಕಾಲು ಪಕ್ಕ ಪಕ್ಕ ಇಟ್ಟು ಹೋಲಿಸಿ. ಒಂದು ಪಾದ ತಣ್ಣಗಿದೆಯಾ? ಚರ್ಮ ನುಣ್ಣಗೆ ಹೊಳೆಯುತ್ತಾ, ಕೂದಲು ಉದುರಿದೆಯಾ? ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನೇರಕ್ಕೆ, ಪಾದದ ಮೇಲ್ಭಾಗದ ನಡುವೆ, ಮೆತ್ತಗೆ ಬೆರಳಿಟ್ಟರೆ ನಾಡಿ ಸಿಗಬೇಕು. ಕೆಲವು ಆರೋಗ್ಯವಂತರಿಗೂ ಅಲ್ಲಿ ಸಿಗುವುದಿಲ್ಲ. ಹಾಗಾಗಿ ಅದೊಂದರಿಂದಲೇ ಹೆದರಬೇಡಿ. ಆದರೆ ಒಂದು ಕಾಲಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ ಡಾಕ್ಟರಿಗೆ ಹೇಳಿ.

ಉಬ್ಬಿದ ನೀಲಿ ‘ನರ’ದ ಕಥೆ ಬೇರೆ. ಅದು ನರವಲ್ಲ, ರಕ್ತವನ್ನು ಮೇಲಕ್ಕೆ ವಾಪಸ್ ಒಯ್ಯುವ ಅಭಿಧಮನಿ. ಅದರ ಕವಾಟ ಸಡಿಲವಾದರೆ ವೆರಿಕೋಸ್ ವೇನ್ಸ್. ಒಲೆ ಮುಂದೆ ನಿಲ್ಲುವ ಅಡಿಗೆಯವರಲ್ಲಿ, ಬಸ್ ಕಂಡಕ್ಟರ್‌ಗಳಲ್ಲಿ ಕಾಣುವಂಥದ್ದು. ಸಂಜೆ ಹೊತ್ತಿಗೆ ಕಾಲು ಭಾರ, ಊತ. ಎತ್ತಿ ಇಟ್ಟರೆ ಹಾಯೆನಿಸುತ್ತದೆ. ಅಪಧಮನಿಯ ರೋಗ ಬಲಿತಾಗ ಇದಕ್ಕೆ ತಿರುಗಾಮುರುಗಾ: ರಾತ್ರಿ ಮಲಗಿದರೆ ಪಾದ ಉರಿ, ಮಂಚದಿಂದ ಇಳಿಬಿಟ್ಟರೆ ಆರಾಮ. ಮನೆಯಲ್ಲಿ ಯಾರಾದರೂ ಕಾಲು ಇಳಿಬಿಟ್ಟು ನಿದ್ದೆ ಮಾಡುತ್ತಿದ್ದರೆ ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು, ಮೆಡಿಕಲ್ ಶಾಪಿನಿಂದ ಬಿಗಿ ಕಾಲುಚೀಲ ನೀವೇ ತಂದು ಹಾಕಿಕೊಳ್ಳಬೇಡಿ. ಉಬ್ಬಿದ ರಕ್ತನಾಳಕ್ಕೆ ಒಳ್ಳೆಯದಾದ ಅದೇ ಚೀಲ, ಅಪಧಮನಿ ಕಟ್ಟಿಕೊಂಡ ಕಾಲಿಗೆ ಇರುವ ಅಲ್ಪ ರಕ್ತವನ್ನೂ ತಡೆಯಬಹುದು.

ಎಲ್ಲಿಗೆ ಹೋಗುವುದು, ಏನು ಕೇಳುವುದು

ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಪಂಚೆಯನ್ನೋ ಸಡಿಲ ಪ್ಯಾಂಟನ್ನೋ ಹಾಕಿಕೊಂಡು ಹೋದರೆ ತೊಡೆಯವರೆಗೆ ಪರೀಕ್ಷೆ ಮಾಡಲು ಸುಲಭ. ಕಾಲು ಮುಟ್ಟದೆಯೇ ನೋವಿನ ಮಾತ್ರೆ ಬರೆದರೆ, ‘ಪಾದದ ನಾಡಿ ನೋಡ್ತೀರಾ?’ ಅಂತ ಕೇಳಿ. ಸಂಕೋಚ ಬೇಡ.

ಮುಂದಿನದು ಎಬಿಐ (ಆಂಕಲ್ ಬ್ರೇಕಿಯಲ್ ಇಂಡೆಕ್ಸ್) ಅನ್ನುವ ಪರೀಕ್ಷೆ. ಮಲಗಿಸಿ, ತೋಳಿನಲ್ಲಿ ಮತ್ತು ಕಾಲಿನ ಹರಡಿನ ಹತ್ತಿರ ಬಿಪಿ ಅಳೆದು, ಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. 0.90ರಿಂದ ಕೆಳಗೆ ಬಂದರೆ ತೊಂದರೆ ಇದೆ ಅಂತ ಅರ್ಥ. 1.4ಕ್ಕಿಂತ ಮೇಲೆ ಹೋದರೂ ಖುಷಿ ಪಡಬೇಡಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಟ್ಟಿಯಾಗಿ ಲೆಕ್ಕ ತಪ್ಪುತ್ತದೆ. ಆಮೇಲೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್. ಇಷ್ಟಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡುವುದು ರೂಢಿ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರೂ ಇದ್ದಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾ ಅಂತ ಅಲ್ಲೇ ಕೇಳಿಕೊಳ್ಳಿ. ಸುಮ್ನೆ ಎರಡು ಸಲ ಬಸ್ ಹತ್ತುವುದು ತಪ್ಪುತ್ತದೆ.

ಬೇಗ ಹೋದರೆ ಸಾಮಾನ್ಯವಾಗಿ ಆಪರೇಷನ್ ಮಾತೇ ಬರುವುದಿಲ್ಲ. ಕೊಲೆಸ್ಟ್ರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಮತ್ತೆ ನಡಿಗೆ. ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ. ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು. ತಡ ಮಾಡಿದವರಿಗೆ ಬಲೂನು, ಸ್ಟೆಂಟ್, ಬೈಪಾಸ್.

ಬೀಡಿ ಬಿಡಲೇಬೇಕು. ಕವಳದ ಹೊಗೆಸೊಪ್ಪಿಗೂ ವಿನಾಯಿತಿ ಇಲ್ಲ. ಬರ್ಗರ್ ಕಾಯಿಲೆ ಅಂತ ಒಂದಿದೆ, ತಂಬಾಕು ಸೇವಿಸುವ 45ರೊಳಗಿನ ಗಂಡಸರ ಬೆರಳುಗಳನ್ನೇ ಕಪ್ಪು ಮಾಡುತ್ತದೆ. ತಂಬಾಕು ಬಿಡದೆ ಅದು ನಿಲ್ಲುವುದಿಲ್ಲ. ಬಿಡಲು ಸಹಾಯ ಬೇಕಾದರೆ 1800-112-356ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ.

ಮಳೆಗಾಲದ ಪಾದ

ರಕ್ತ ಕಮ್ಮಿ ಇರುವ ಕಾಲಿನ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ತೋಟದಿಂದ ಬಂದ ಕೂಡಲೇ ಬೆರಳ ಸಂದಿ ಒರೆಸಿ ಒಣಗಿಸಿ. ಉಂಬಳ ಕಚ್ಚಿದ ಜಾಗ ಕೆರೆಯಬೇಡಿ. ಬಚ್ಚಲೊಲೆ ಮುಂದೆ ಪಾದ ಚಾಚಿ ಕೂರುವುದು ನಮ್ಮ ಕಡೆಯ ಸುಖಗಳಲ್ಲೊಂದು, ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಹೋದ ಪಾದಕ್ಕೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಅಂಥವರು ಉಣ್ಣೆಯ ಕಾಲುಚೀಲ ಹಾಕಿಕೊಳ್ಳಲಿ.

ಬೆಳಗಿನ ಬಸ್ಸಿಗೆ ಕಾಯಬಾರದ್ದು

ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳುಚಿ, ಜೋಮು ಹಿಡಿದು, ಬೆರಳು ಆಡದಿದ್ದರೆ ರಕ್ತ ಪೂರಾ ನಿಂತಿದೆ. ಸುಮಾರು 6 ಗಂಟೆಯಲ್ಲಿ ಕಾಲು ಕೈಬಿಡುವ ಸ್ಥಿತಿಗೆ ಹೋಗಬಹುದು. ಬಿಸಿ ಶಾಖ ಕೊಡದೆ 108ಕ್ಕೆ ಫೋನ್ ಮಾಡಿ. ಹೆರಿಗೆ, ಆಪರೇಷನ್ ಅಥವಾ ಉದ್ದ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಅದೇ ದಿನ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಅದೂ 108ರ ಕೆಲಸವೇ.

ಚಿಕ್ಕಪ್ಪ ಈಗ ಹಲಸಿನ ಮರ ದಾಟುತ್ತಾರೆ. ನಿಲ್ಲುವುದು ದಣಪೆಯ ಹತ್ತಿರ. ಅಲ್ಲಿ ನೋಡಲು ಗೊನೆ ಇಲ್ಲ, ಹಾಗಾಗಿ ಪೋಸ್ಟ್‌ಮ್ಯಾನ್ ಬರುವುದನ್ನು ಕಾಯುತ್ತಿದ್ದೇನೆ ಅನ್ನುತ್ತಾರೆ.