ಗೇನ್ ಮೂರು ಇಟ್ಟರೂ ಶುರುವಾಗದ ನನ್ನ ಆಸಿಲೇಟರ್

ಇಂಜಿನಿಯರಿಂಗ್ ಓದುವಾಗ ಒಂದು ಪ್ರಾಜೆಕ್ಟ್‌ಗೆ 1 ಕಿಲೋಹರ್ಟ್ಸ್ ಸೈನ್ ವೇವ್ ಬೇಕಾಗಿತ್ತು. ತಾನಾಗಿಯೇ ಅಲೆ ಹುಟ್ಟಿಸುವ ವೀನ್ ಬ್ರಿಜ್ ಆಸಿಲೇಟರ್ ಸರ್ಕ್ಯೂಟ್ ಕಟ್ಟೋಣ ಅಂದುಕೊಂಡೆ. ಅದರಲ್ಲಿ ಒಂದು ರೆಸಿಸ್ಟರ್, ಕೆಪ್ಯಾಸಿಟರ್ ಜೋಡಿ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು), ಅಂಥದ್ದೇ ಇನ್ನೊಂದು ಪ್ಯಾರಲಲ್‌ನಲ್ಲಿ (ಅಕ್ಕಪಕ್ಕ) ಇರುತ್ತದೆ. ಫ್ರೀಕ್ವೆನ್ಸಿ ಲೆಕ್ಕ ಸುಲಭ: 10 ನ್ಯಾನೊಫ್ಯಾರಡ್ ಕೆಪ್ಯಾಸಿಟರ್‌ಗೆ 16 ಕೆ (ಕಿಲೋ ಓಮ್) ರೆಸಿಸ್ಟರ್. 15 ಕೆ ಜೊತೆ 1 ಕೆ ಸೇರಿಸಿದರೆ ಆಯ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಿಗ್ನಲ್ ದೊಡ್ಡದು ಮಾಡುವ 741 ಐಸಿ, 103 (ಅಂದರೆ 10 ನ್ಯಾನೊಫ್ಯಾರಡ್) ಅಂತ ಬರೆದಿರುವ ಸೆರಾಮಿಕ್ ಕೆಪ್ಯಾಸಿಟರ್ ಎಲ್ಲ ತಂದೆ.

ಗೇನ್, ಅಂದರೆ ಐಸಿ ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನೋದು, ಮೂರು ಇರಬೇಕು ಅಂತ ಓದಿದ್ದೆ. ಅದನ್ನು ನಿರ್ಧರಿಸುವ ಎರಡು ರೆಸಿಸ್ಟರ್‌ಗಳಾಗಿ 10 ಕೆ, 20 ಕೆ ಹಾಕಿದೆ (1 + 20/10 = 3). ಅಲೆಯ ಆಕಾರ ತೋರಿಸುವ ಸಿಆರ್‌ಓನಲ್ಲಿ ಬರೀ ಗೆರೆ! ಐಸಿ ಬದಲಾಯಿಸಿದೆ, ಆಗಲೂ ಅದೇ ಗೆರೆ. 20 ಕೆ ತೆಗೆದು 22 ಕೆ ಹಾಕಿದೆ. ಗೇನ್ 3.2 ಆಯಿತು. ಆದರೂ ಇಲ್ಲ.

ಲ್ಯಾಬ್ ಸರ್ ಬಂದು, "ಕೆಪ್ಯಾಸಿಟರ್ ಅಳೆದು ನೋಡಿದ್ಯೇನಪ್ಪಾ?" ಅಂದರು. ಅಳೆದೆ. ಸೀರೀಸ್‌ನಲ್ಲಿದ್ದದ್ದು 8.9, ಪ್ಯಾರಲಲ್‌ನಲ್ಲಿದ್ದದ್ದು 10.8 ನ್ಯಾನೊಫ್ಯಾರಡ್. ಎರಡೂ ಸಮ ಇದ್ದರೆ ಮಾತ್ರ ಬೇಕಾದ ಗೇನ್ ಮೂರು. ರೆಸಿಸ್ಟರ್‌ಗಳು ಸಮ ಇದ್ದಾಗ, 2ಕ್ಕೆ ಪ್ಯಾರಲಲ್ ಕೆಪ್ಯಾಸಿಟರ್‌ನ ಮೌಲ್ಯವನ್ನು ಸೀರೀಸ್‌ನದರಿಂದ ಭಾಗಿಸಿ ಕೂಡಬೇಕು. ನನ್ನದರಲ್ಲಿ 3.21 ಬಂತು. ನಾನು ಕೊಟ್ಟದ್ದು 3.2! ಅಷ್ಟು ಸಣ್ಣ ವ್ಯತ್ಯಾಸ, ಒಂದು ಇಡೀ ಮಧ್ಯಾಹ್ನ ಹೋಯ್ತು. ಅವತ್ತಿನಿಂದ ಹತ್ತು ಕೆಪ್ಯಾಸಿಟರ್ ತಂದು, ಮೀಟರ್‌ನಲ್ಲಿ ಅಳೆದು, ಹೊಂದುವ ಎರಡನ್ನು ಆರಿಸಿಕೊಳ್ಳುತ್ತೇನೆ.

ಹೊಂದುವ ಜೋಡಿ ಹಾಕಿದೊಡನೆ ಶುರುವಾಯ್ತು. ಆದರೆ ಗೇನ್ ಮೂರಕ್ಕಿಂತ ಜಾಸ್ತಿ ಇದ್ದದ್ದರಿಂದ ಅಲೆ ಐಸಿಯ ಮಿತಿ ಮುಟ್ಟುವವರೆಗೆ ಬೆಳೆದು, ಸೈನ್ ವೇವ್‌ನ ತಲೆ, ಬುಡ ಎರಡೂ ಚಪ್ಪಟೆ. ಇಲ್ಲಿಯೇ ನಿಜವಾದ ಡಿಸೈನ್ ಇರೋದು. ಶುರುವಾಗಲು ಗೇನ್ ಮೂರಕ್ಕಿಂತ ತುಸು ಜಾಸ್ತಿ ಬೇಕು, ಅಲೆ ಬೆಳೆದ ಮೇಲೆ ಸರಿಯಾಗಿ ಮೂರಕ್ಕೆ ಇಳಿಯಬೇಕು. ಸುಮ್ನೆ ಒಂದು ರೆಸಿಸ್ಟರ್‌ನಿಂದ ಎರಡೂ ಆಗಲ್ಲ. 1939ರ ಹೊತ್ತಿಗೆ ಎಚ್‌ಪಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಹ್ಯೂಲೆಟ್ ಇದಕ್ಕೆ ಸಣ್ಣ ಬಲ್ಬ್ ಬಳಸಿದ್ದರು. ಬಿಸಿಯಾದಷ್ಟೂ ಫಿಲಮೆಂಟ್‌ನ ರೆಸಿಸ್ಟೆನ್ಸ್ ಏರುತ್ತದೆ, ಗೇನ್ ತಾನಾಗಿ ಇಳಿಯುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ?

ನಾನು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಬಳಸಿದೆ. 22 ಕೆ ತೆಗೆದು, 18 ಕೆ ಜೊತೆ 4.7 ಕೆ ಸೀರೀಸ್‌ನಲ್ಲಿಟ್ಟೆ. ಆ 4.7 ಕೆ ಅಡ್ಡಲಾಗಿ ಎರಡು 1ಎನ್4148 ಡಯೋಡ್, ಒಂದರ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ. ಔಟ್‌ಪುಟ್ ದೊಡ್ಡದಾದಾಗ ಡಯೋಡ್‌ನಲ್ಲಿ ಕರೆಂಟ್ ಹರಿಯಲು ಶುರುವಾಗಿ ಗೇನ್ ಇಳಿಯುತ್ತದೆ. ಸುಮಾರು 7 ವೋಲ್ಟ್ ಪೀಕ್‌ನಲ್ಲಿ ನಿಂತಿತು. ತಲೆ, ಬುಡ ಎರಡೂ ದುಂಡಗೆ.

ಮುಂದೆ 470 ಪಿಕೊಫ್ಯಾರಡ್ ಹಾಕಿ 21 ಕಿಲೋಹರ್ಟ್ಸ್‌ಗೆ ಹೋದೆ. ಸೈನ್ ವೇವ್ ಟ್ರಯಾಂಗಲ್‌ನಂತಾಯ್ತು. 741ರ ಸ್ಲೂ ರೇಟ್ (ಔಟ್‌ಪುಟ್ ಎಷ್ಟು ಬೇಗ ಬದಲಾಗಬಲ್ಲದು ಅನ್ನೋದರ ಮಿತಿ) ಮೈಕ್ರೊಸೆಕೆಂಡಿಗೆ 0.5 ವೋಲ್ಟ್, ನನಗೆ ಬೇಕಿದ್ದದ್ದು 0.9ರಷ್ಟು. ಅದೇ ಪಿನ್‌ಗಳಿರುವ, ಇನ್ನೂ ವೇಗದ ಟಿಎಲ್071 ಐಸಿ ತಂದು ಅದೇ ಜಾಗಕ್ಕೆ ಒತ್ತಿದೆ. ಸಿಆರ್‌ಓ ಪರದೆಯ ಮೇಲೆ ಮತ್ತೆ ಸೈನ್ ವೇವ್ ಬಂತು.