ಹಿಮ ಸುರಿದ ದಿನ: ಮೊದಲು ಕೊಳವೆ, ಆಮೇಲೆ ಡಿಶ್

ಆ ರಾತ್ರಿ ಅಮ್ಮ ಹವಾಮಾನದ ಸುದ್ದಿ ನೋಡುತ್ತಾ ಕೂತಿದ್ದಳು. ಹೊರಗೆ ಮಧ್ಯಾಹ್ನದಿಂದ ಹಿಮ ಸುರಿಯುತ್ತಲೇ ಇತ್ತು. ಇದ್ದಕ್ಕಿದ್ದಂತೆ ಕೂಗಿದಳು, "ಇಲ್ಲಿ ಬಾರೇ, ಇವರ ಮುಖವೆಲ್ಲಾ ಚೌಕ ಚೌಕ ಆಗ್ತಿದೆ." ನಾನು ಹೋಗಿ ನೋಡುವಷ್ಟರಲ್ಲಿ ಪರದೆ ಕಪ್ಪಾಗಿ 'ಸಿಗ್ನಲ್ ಇಲ್ಲ' ಅಂತ ಬಂದಿತ್ತು. ಮರುದಿನ ಬಸ್ಸು ರೈಲು ಇರುತ್ತವಾ ಅಂತ ತಿಳಿಯೋಕೆ ನಮಗೆ ಟಿವಿ ಬೇಕಿತ್ತು. ಏಣಿ ಹಾಕಿ ಮೇಲೆ ಹತ್ತಿ ಡಿಶ್ ಒರೆಸಿದೆ. ಇಳಿಯುವಾಗ ಏಣಿಯ ಕಾಲು ಜಾರಿತು. ಗೋಡೆಯ ಕಂಬಿ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಮನೆಯ ಹಿಂದೆ ಕಾದಿತ್ತು. ಗ್ಯಾಸ್ ಹೀಟರಿನ ಹೊಗೆ ಹೊರಹೋಗುವ ಕೊಳವೆ ಹಿಂದಿನ ಗೋಡೆಯಲ್ಲಿದೆ. ಗಾಳಿ ಹಿಮವನ್ನು ತಂದು ತಂದು ಆ ಗೋಡೆಗೆ ಒಟ್ಟಿತ್ತು. ಕೊಳವೆಯ ಬಾಯಿ ಮುಚ್ಚಿಹೋಗಿತ್ತು. ರಾತ್ರಿ ಎರಡಕ್ಕೆ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಮನೆಯಲ್ಲಿ ತುಂಬಿದರೆ ಎಚ್ಚರಿಸುವ ಅಲಾರಂ ಹೊಡೆಯಿತು. ಅಮ್ಮನನ್ನು ಎಬ್ಬಿಸಿ, ಕೋಟು ಹೊದಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿಂದಲೇ ತುರ್ತು ಸಹಾಯಕ್ಕೆ ಫೋನ್ ಮಾಡಿದೆ. ಅಮ್ಮನಿಗೆ ಆಗಲೇ ತಲೆನೋವು ಶುರುವಾಗಿತ್ತು. ಅಲಾರಂ ಇಲ್ಲದಿದ್ದರೆ ನಿದ್ದೆಯಲ್ಲೇ ಏನಾಗುತ್ತಿತ್ತೋ, ಅದನ್ನು ನೆನೆಸಿಕೊಳ್ಳೋಕೂ ನನಗೆ ಆಗುವುದಿಲ್ಲ.

ಹಿಮ ಬಿದ್ದಾಗ ಕಣ್ಣಿಗೆ ಕಾಣುವ ತೊಂದರೆಯ ಹಿಂದೆ ಓಡುತ್ತೇವೆ. ಟಿವಿ ನಿಂತಿತು, ಕಾರು ಮುಚ್ಚಿಹೋಯಿತು, ದಾರಿ ಕಾಣುತ್ತಿಲ್ಲ. ಆದರೆ ಮೊದಲು ಬಿಡಿಸಬೇಕಾದದ್ದು ಮನೆ ಉಸಿರಾಡುವ ಜಾಗಗಳನ್ನು. ಅದಕ್ಕೇ ಇದನ್ನು ನಾನು ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಚಳಿಗಾಲ ಶುರುವಾಗುವ ಮೊದಲೇ ಮನೆಯ ಸುತ್ತ ಒಂದು ಸುತ್ತು ಹಾಕಿ. ಗೋಡೆಯಿಂದ ಹೊರಗೆ ಬರುವ ಕೊಳವೆಗಳು ಎಲ್ಲೆಲ್ಲಿವೆ ನೋಡಿಕೊಳ್ಳಿ. ಹೀಟರಿಗೆ ಸಾಮಾನ್ಯವಾಗಿ ಎರಡಿರುತ್ತವೆ, ಒಂದು ಗಾಳಿ ಎಳೆಯೋಕೆ, ಇನ್ನೊಂದು ಹೊಗೆ ಬಿಡೋಕೆ. ಪ್ರತಿಯೊಂದರ ಪಕ್ಕ ಎದೆಯೆತ್ತರದ ಕೋಲು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ. ಹಿಮ ಬಿದ್ದದ್ದು 30 ಸೆಂಟಿಮೀಟರ್ ಇರಬಹುದು, ಗಾಳಿ ಅದನ್ನೇ ಗೋಡೆಯ ಬುಡದಲ್ಲಿ ಸೊಂಟದವರೆಗೆ ಪೇರಿಸಿರುತ್ತದೆ. ಆಗ ಕೋಲಿಲ್ಲದೆ ಕೊಳವೆ ಸಿಗುವುದಿಲ್ಲ. ಹಿಮ ಸುರಿಯುವ ದಿನ ಮಲಗುವ ಮೊದಲು ಒಮ್ಮೆ, ಎದ್ದ ಕೂಡಲೇ ಒಮ್ಮೆ ಹೋಗಿ ನೋಡಿ. ಸುತ್ತ ಒಂದು ಮೀಟರ್ ಜಾಗ ಖಾಲಿ ಮಾಡಿ. ಕೊಳವೆಯ ಹತ್ತಿರ ಸಲಿಕೆ ಬೇಡ, ಕೈಯಿಂದಲೇ ತೆಗೆಯಿರಿ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಬಂದರೆ, ಅದೂ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಬಂದರೆ, ಕಾರಣ ಹುಡುಕುತ್ತಾ ಕೂರಬೇಡಿ. ಹೊರಗೆ ಬನ್ನಿ. ಮಲಗುವ ಕೋಣೆಗಳ ಹತ್ತಿರ ಅಲಾರಂ ಹಾಕಿಸಿ, ಬ್ಯಾಟರಿ ಬದಲಿಸಿ. ಕರೆಂಟು ಹೋದಾಗ ಜನರೇಟರನ್ನು ಮನೆಯೊಳಗೆ ಅಥವಾ ಗ್ಯಾರೇಜಿನಲ್ಲಿ ಓಡಿಸಬಾರದು, ಬಾಗಿಲು ತೆಗೆದಿಟ್ಟರೂ ಬೇಡ. ಇದ್ದಿಲ ಒಲೆಯೂ ಅಷ್ಟೇ.

ಆಮೇಲೆ ಬಾಗಿಲು. ಹೊರಕ್ಕೆ ತೆರೆಯುವ ಬಾಗಿಲಿದ್ದರೆ ರಾತ್ರಿಯೇ ಒಂದೆರಡು ಸಲ ತೆರೆದು ಹಿಮ ತಳ್ಳಿ. ಒಂದು ಸಲಿಕೆ ಮನೆಯೊಳಗೇ ಇರಲಿ. ಹೊರಗಿಟ್ಟ ಸಲಿಕೆ ಬೆಳಿಗ್ಗೆ ಹಿಮದಡಿ ಎಲ್ಲೋ ಇರುತ್ತದೆ.

ಹಿಮ ಎತ್ತುವುದು ಹಗುರ ಕೆಲಸ ಅಂತ ಯಾರೂ ತಿಳಿಯಬಾರದು. ಹೊಸದಾಗಿ ಬಿದ್ದ ಪುಡಿ ಹಿಮ 10 ಸೆಂಟಿಮೀಟರ್ ಇದ್ದರೆ ಕರಗಿದಾಗ ಹೆಚ್ಚುಕಡಿಮೆ 1 ಸೆಂಟಿಮೀಟರ್ ನೀರು. ಅಂದರೆ 30 ಸೆಂಟಿಮೀಟರ್ ಹಿಮ ಒಂದು ಚದರ ಮೀಟರಿಗೆ ಸುಮಾರು 30 ಕಿಲೋ ತೂಗುತ್ತದೆ. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ಜೊತೆಗೆ ಚಳಿಗೆ ರಕ್ತನಾಳಗಳು ಬಿಗಿಯಾಗಿರುತ್ತವೆ, ಹೃದಯದ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಎತ್ತಿ ಎಸೆಯುವ ಬದಲು ತಳ್ಳಿ. ಎಲ್ಲಾ ಬಿದ್ದು ಮುಗಿಯಲಿ ಅಂತ ಕಾಯದೆ, ಹತ್ತು ಸೆಂಟಿಮೀಟರ್ ಆದಾಗಲೆಲ್ಲ ಸ್ವಲ್ಪ ಸ್ವಲ್ಪ ತೆಗೆಯಿರಿ. ಹೃದಯದ ತೊಂದರೆ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಎದೆ ಬಿಗಿದರೆ, ತೋಳು ನೋಯಲು ಶುರುವಾದರೆ ಸಲಿಕೆ ಅಲ್ಲೇ ಬಿಟ್ಟು ಸಹಾಯಕ್ಕೆ ಕರೆ ಮಾಡಿ.

ಮೆಟ್ಟಿಲಿಗೆ ಉಪ್ಪು ಹಾಕುವುದಿದ್ದರೆ ಥರ್ಮಾಮೀಟರ್ ನೋಡಿ ಹಾಕಿ. ಸಾಮಾನ್ಯ ಉಪ್ಪು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂಥ ಚಳಿಯಲ್ಲಿ ಮರಳು ಎರಚುವುದೇ ವಾಸಿ. ಐಸ್ ಕರಗದಿದ್ದರೂ ಕಾಲಿಗೆ ಹಿಡಿತ ಸಿಗುತ್ತದೆ.

ಈಗ ಟಿವಿ. ಅಮ್ಮನಿಗೆ ನಾನು ವಿವರಿಸಿದ್ದು ಹೀಗೆ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಅಲ್ಲಿಂದ ಬರುವ ಸಿಗ್ನಲ್ ನಮ್ಮನ್ನು ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಡಿಶ್ಶಿನ ಬಟ್ಟಲು ಅದನ್ನೆಲ್ಲ ಒಟ್ಟುಗೂಡಿಸಿ ಮುಂದಿರುವ ಎಲ್‌ಎನ್‌ಬಿಯ, ಅಂದರೆ ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿಯ, ಬಾಯಿಗೆ ಸೇರಿಸುತ್ತದೆ. ಆ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಹಾಗಾಗಿ ಬಟ್ಟಲಿನಲ್ಲಿ ಅಷ್ಟೇ ದಪ್ಪ ಹಿಮ ಅಂಟಿಕೊಂಡರೂ ಅದರ ಆಕಾರ ಕೆಟ್ಟ ಹಾಗೆ. ಅಲೆಗಳು ಬಾಯಿಗೆ ಸೇರದೆ ಚದುರುತ್ತವೆ.

ಗಮನಿಸಿ, ಎಲ್ಲಾ ಹಿಮವೂ ಒಂದೇ ಅಲ್ಲ. ಕಡು ಚಳಿಯ ಒಣ ಪುಡಿ ಹಿಮ ಟಿವಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಬಹುಪಾಲು ಜಾರಿ ಬೀಳುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಬೀಳುವ ಒದ್ದೆ ಹಿಮವೇ ಶತ್ರು. ಅದು ಅಂಟುತ್ತದೆ, ಅದರಲ್ಲಿರುವ ನೀರು ಸಿಗ್ನಲನ್ನು ಹೀರುತ್ತದೆ. ಥರ್ಮಾಮೀಟರ್ ಸೊನ್ನೆಯ ಆಚೀಚೆ ಇದೆ ಅಂದರೆ ಆ ಸಂಜೆ ಟಿವಿ ಹೋಗಬಹುದು ಅಂತ ಮೊದಲೇ ಸಿದ್ಧರಾಗಿ.

ಹಳೇ ಟಿವಿಗಳಲ್ಲಿ ಸಿಗ್ನಲ್ ಕಮ್ಮಿಯಾದರೆ ಚುಕ್ಕಿಚುಕ್ಕಿ ಬರುತ್ತಿತ್ತಲ್ಲ, ಅದರ ನಡುವೆಯೂ ಚಿತ್ರ ಒಂದಿಷ್ಟು ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದರ ಕೆಳಗೆ ಏನೂ ಇಲ್ಲ. ನಡುವೆ ಸ್ವಲ್ಪ ಹೊತ್ತು ಆ ಚೌಕಗಳು ಕಾಣುತ್ತವೆ. ಚೌಕ ಶುರುವಾದ ಕೂಡಲೇ ಬೇಕಾದ ಸುದ್ದಿಯನ್ನು, ಸಹಾಯದ ನಂಬರುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಡಿಶ್ ನೆಲದಿಂದ ಕೈಗೆ ಸಿಗುವಂತಿದ್ದರೆ ಮಾತ್ರ ಒರೆಸಿ. ಮೆತ್ತನೆಯ ಪೊರಕೆ ಸಾಕು, ಮೇಲಿನಿಂದ ಕೆಳಕ್ಕೆ ಎಳೆಯಿರಿ. ಎಲ್‌ಎನ್‌ಬಿಯ ಮುಖವನ್ನು ಬಟ್ಟೆಯಲ್ಲಿ ಒರೆಸಿ, ಅದರ ಮುಚ್ಚಳ ಬಿಚ್ಚಬೇಡಿ. ಬಡಿಯಬೇಡಿ, ಡಿಶ್ ಒಂದೆರಡು ಡಿಗ್ರಿ ತಿರುಗಿದರೂ ಉಪಗ್ರಹ ತಪ್ಪಿಹೋಗುತ್ತದೆ. ಬಿಸಿನೀರು ಸುರಿಯಬೇಡಿ, ಅದು ಅಲ್ಲೇ ಹೆಪ್ಪುಗಟ್ಟಿ ಇನ್ನೊಂದು ಪದರ ಐಸ್ ಆಗುತ್ತದೆ. ಡಿಶ್ ಮಾಡಿನ ಮೇಲಿದ್ದರೆ ಆ ರಾತ್ರಿಯ ಮಟ್ಟಿಗೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಅದನ್ನು ಕೆಳಗಿನ ಗೋಡೆಗೆ ಹಾಕಿಸಿ. ನಾನು ಹಾಗೇ ಮಾಡಿದೆ. ಆಕಾಶದ ಆ ದಿಕ್ಕು ತೆರೆದಿದ್ದರೆ ಸಾಕು, ಎತ್ತರ ಬೇಕಿಲ್ಲ. ಡಿಶ್ ಒರೆಸಿದ ಮೇಲೂ ಚಿತ್ರ ಬರದಿದ್ದರೆ ಸುರಿಯುತ್ತಿರುವ ಒದ್ದೆ ಹಿಮವೇ ಅಡ್ಡಿ. ಕಾಯಬೇಕು, ಅಷ್ಟೇ. ಆ ಹೊತ್ತಿಗೆ ಬ್ಯಾಟರಿ ರೇಡಿಯೋ ಒಂದು ಇರಲಿ. ರೇಡಿಯೋದ ಅಲೆಗಳು ಇದಕ್ಕಿಂತ ತುಂಬಾ ಉದ್ದ, ಹಿಮಕ್ಕೆ ಬಗ್ಗುವುದಿಲ್ಲ.

ಓಡಾಟದ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಹೋಗದಿದ್ದರೆ ನಡೆಯುತ್ತೆ ಅನ್ನುವಂತಿದ್ದರೆ ಹೋಗಬೇಡಿ. ರೈಲಿನ ಹಳಿ ತಿರುಗಿಸುವ ಜಾಗದಲ್ಲಿ ಐಸ್ ಕಟ್ಟಿದರೆ ಒಂದೇ ಕಡೆ ಕೆಟ್ಟು ಇಡೀ ಮಾರ್ಗ ನಿಲ್ಲುತ್ತದೆ. ವಿಮಾನದ ರೆಕ್ಕೆಗೆ ಹತ್ತಿದ ಹಿಮವನ್ನು ಪೂರಾ ತೊಳೆಯದೆ ಹಾರಿಸುವಂತಿಲ್ಲ. ಹಾಗಾಗಿ ರನ್‌ವೇ ಖಾಲಿಯಿದ್ದರೂ ತಡವಾಗುತ್ತದೆ. ಮನೆ ಬಿಡುವ ಮೊದಲೇ ವಿಚಾರಿಸಿ.

ಕಾರಿನಲ್ಲಿ ಹೋಗಲೇಬೇಕಾದರೆ ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಇರಲಿ. ಗಾಜು, ದೀಪ, ಕಾರಿನ ತಲೆ ಎಲ್ಲಾ ಬಿಡಿಸಿ. ತಲೆಯ ಮೇಲೆ ಉಳಿದ ಹಿಮ ಬ್ರೇಕ್ ಹಾಕಿದಾಗ ಮುಂದಿನ ಗಾಜಿನ ಮೇಲೆ ಜಾರಿ ದಾರಿಯೇ ಕಾಣದಂತಾಗುತ್ತದೆ. ಐಸಿನ ಮೇಲೆ ಕಾರು ನಿಲ್ಲೋಕೆ ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಸೇತುವೆಯ ಅಡಿಯಿಂದಲೂ ಗಾಳಿ ಆಡುವುದರಿಂದ ಅದು ಉಳಿದ ರಸ್ತೆಗಿಂತ ಮೊದಲೇ ಐಸ್ ಕಟ್ಟುತ್ತದೆ. ಸೇತುವೆ ಬರುವ ಮೊದಲೇ ವೇಗ ಇಳಿಸಿ.

ಹಿಮದಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ಇಲ್ಲೂ ಕೊಳವೆಯ ಮಾತೇ. ಮೊದಲು ಸೈಲೆನ್ಸರಿನ ಬಾಯಿ ಬಿಡಿಸಿ, ಆಮೇಲೆ ಎಂಜಿನ್. ಗಂಟೆಗೆ ಹತ್ತು ನಿಮಿಷ ಓಡಿಸಿದರೆ ಸಾಕು. ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ತೆಗೆದಿಡಿ. ಪ್ರತಿ ಸಲ ಎಂಜಿನ್ ಹಾಕುವ ಮೊದಲು ಇಳಿದು ಸೈಲೆನ್ಸರ್ ನೋಡಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದ ದಾರಿಯಲ್ಲಿ ಹಿಮ ನೋಡಲು ಹೋದವರ ಕಾರುಗಳು ರಾತ್ರಿಯಿಡೀ ಸಿಕ್ಕಿಕೊಂಡವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಚಳಿಯ ಜೊತೆ ಕಾರಿನ ಹೊಗೆಯೂ ಕಾರಣ ಎಂದು ವರದಿಯಾಯಿತು. ಅದೇ ತಿಂಗಳು ಅಮೆರಿಕದ ವರ್ಜೀನಿಯಾದ ದೊಡ್ಡ ಹೆದ್ದಾರಿಯಲ್ಲೂ ಜನ 24 ಗಂಟೆ ಕಾರಿನಲ್ಲೇ ಕಳೆದರು. ಹಿಮದ ಅಭ್ಯಾಸವಿರುವ ಊರಲ್ಲೂ ಹೀಗಾಗುತ್ತದೆ. ಕಾರಿನಲ್ಲಿ ಕಂಬಳಿ, ನೀರು, ಟಾರ್ಚು, ಸಣ್ಣ ಸಲಿಕೆ ಇಡೀ ಚಳಿಗಾಲ ಇರಲಿ.

ಮನೆಯೊಳಗೆ ಇನ್ನೊಂದಿಷ್ಟು. ಕರೆಂಟು ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗಿ ಪೈಪು ಒಡೆಯುತ್ತದೆ. ಕಡು ಚಳಿಯ ರಾತ್ರಿ ಹೊರಗೋಡೆಗೆ ಹತ್ತಿರದ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ. ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಬೇಕು. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಹೊರಗೆ ಹೋಗುವಾಗ ಕೋಟಿನ ಒಳಜೇಬಿನಲ್ಲಿ ಇಡಿ. ಕಡಿದು ಬಿದ್ದ ತಂತಿ ಕಂಡರೆ ಹತ್ತಿರ ಸುಳಿಯಬೇಡಿ, ಹಿಮದಡಿ ಅದರ ಇನ್ನೊಂದು ತುದಿ ಎಲ್ಲಿದೆಯೋ ಕಾಣುವುದಿಲ್ಲ.

ಅಮ್ಮ ಈಗಲೂ ಚಳಿಗಾಲದಲ್ಲಿ ನನ್ನ ಜೊತೆ ಇರುತ್ತಾಳೆ. ಟಿವಿಯಲ್ಲಿ ಚೌಕ ಕಂಡರೆ "ಮೊದಲು ಹಿಂದೆ ಹೋಗಿ ಕೊಳವೆ ನೋಡ್ಕೊಂಡು ಬಾ" ಅನ್ನುತ್ತಾಳೆ. ಟಾರ್ಚು ಹಿಡಿದು ಹೋಗುತ್ತೇನೆ. ನಮ್ಮದು ನೋಡಿದ ಮೇಲೆ ಪಕ್ಕದ ಮನೆಯದನ್ನೂ ನೋಡಿ ಬರುತ್ತೇನೆ, ಅಲ್ಲಿ ಇಬ್ಬರು ವಯಸ್ಸಾದವರಿದ್ದಾರೆ. ಆ ರಾತ್ರಿ ಎರಡು ಗಂಟೆಗೆ ನಮಗೆ ಬಾಗಿಲು ತೆಗೆದವರು ಅವರೇ. ಅವರ ಗೋಡೆಯ ಪಕ್ಕವೂ ಕೆಂಪು ಬಟ್ಟೆಯ ಕೋಲೊಂದನ್ನು ನೆಟ್ಟಿದ್ದೇನೆ.