ಎಣ್ಣೆ ಕುಡಿದ ಸ್ಟಾಕಿಗೂ ಬಣ್ಣ ನಿಲ್ಲುತ್ತದೆ

ಬಂದೂಕಿನ ಸ್ಟಾಕ್, ಅಂದರೆ ಭುಜಕ್ಕೆ ಒರಗಿಸುವ ಮರದ ಭಾಗ, ಎಣ್ಣೆ ಕುಡಿದಿದ್ದರೆ ಬಣ್ಣ ನಿಲ್ಲಲ್ಲ ಅಂದವರೆಲ್ಲ ಈಗ ಬಂದು ಉಗುರಿನಿಂದ ಕೆರೆದು ನೋಡಿ ಹೋಗಿದ್ದಾರೆ. ಬಣ್ಣ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು .177 ಇಂಚು ಗುಂಡಿನ ಹಳೆಯ ಸ್ಪ್ರಿಂಗ್ ಏರ್ ರೈಫಲ್, ಬೀಚ್ ಮರದ ಸ್ಟಾಕ್. ಹಿಂದಿನ ಮಾಲೀಕರು ಆಕ್ಷನ್ನಿಗೆ (ಸ್ಪ್ರಿಂಗ್, ಟ್ರಿಗರ್ ಇರುವ ಲೋಹದ ಭಾಗಕ್ಕೆ) ಧಾರಾಳವಾಗಿ ಮೆಷಿನ್ ಎಣ್ಣೆ ಬಿಟ್ಟಿದ್ದರು. ಅದೆಲ್ಲ ಮರಕ್ಕೆ ಇಳಿದು ಹಿಡಿಯ ಹತ್ತಿರ ಕಪ್ಪಾಗಿತ್ತು.

ಮೊದಲು ಸ್ಪ್ರೇ ಕ್ಯಾನ್ ಹೊಡೆದೆ, ಒಂದಕ್ಕೆ ಮುನ್ನೂರೋ ಮುನ್ನೂರೈವತ್ತೋ. ಹಿಡಿಯ ಮೇಲೆ ಬಣ್ಣ ಕೂರಲೇ ಇಲ್ಲ, ಸಣ್ಣ ಸಣ್ಣ ಗುಳಿ ಬಿದ್ದವು. ಕೂತ ಕಡೆಯೂ ಕೆನ್ನೆಯ ಬೆವರು ತಾಗಿ ಸಿಪ್ಪೆ ಎದ್ದಿತು. ಆಮೇಲೆ ಎನ್‌ಸಿ ಲ್ಯಾಕರ್ (ಬೇಗ ಒಣಗುವ ಮರದ ಪಾಲಿಶ್). ಪುಣೆಯ ಜುಲೈ ಹವೆ ಗೊತ್ತಲ್ಲ, ಬೆಳಗಾಗುವಷ್ಟರಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ರಿಮೂವರ್, ತಿನ್ನರ್ ಸೇರಿ ಎರಡು ಸಾವಿರ ನೀರಿನಲ್ಲಿ ಹೋಯಿತು.

ಹಡಪ್ಸರದಲ್ಲಿ ಕಾರಿಗೆ ಬಣ್ಣ ಹೊಡೆಯುವ ವಿಜಯಪುರದ ಹುಡುಗನೊಬ್ಬನಿದ್ದಾನೆ. ಅವನೂ ಕೈಯಾಡಿಸಿ ನೋಡಿ, "ಎಣ್ಣಿ ಕುಡದ ಕಟಗಿ ಐತ್ರಿ ಸರ, ಬಣ್ಣ ನಿಲ್ಲಂಗಿಲ್ಲ. ಹೊಸಾದು ಮಾಡಸ್ರಿ" ಅಂದ. ಹೊಸ ಸ್ಟಾಕಿಗೆ ಬಡಗಿ ಕೇಳಿದ್ದು ಆರು ಸಾವಿರದ ಮೇಲೆ. ಎಣ್ಣೆಯನ್ನೇ ಹೊರಗೆ ತೆಗೆದರೆ ಆಯಿತಲ್ವಾ?

ಹಳೆ ಬಣ್ಣ ಪೂರ್ತಿ ಕೆರೆದು, 120ರ ಸ್ಯಾಂಡ್ ಪೇಪರ್ ತಿಕ್ಕಿದೆ. ಚಾಕ್ ಪೌಡರನ್ನು ತಿನ್ನರಿನಲ್ಲಿ ಕಲಸಿ ಹಿಡಿ ಮತ್ತು ಆಕ್ಷನ್ ಕೂರುವ ಜಾಗಕ್ಕೆ ದಪ್ಪಗೆ ಮೆತ್ತಿದೆ. ಮೇ ತಿಂಗಳ ಬಿಸಿಲು, ತಾರಸಿ ಕಾದಿತ್ತು. ಸಂಜೆ ಪುಡಿ ಉದುರಿಸಿದರೆ ಎಣ್ಣೆ ಹೀರಿ ಅರಿಶಿನದ ಬಣ್ಣ! ಮತ್ತೆ ಮೆತ್ತು, ಮತ್ತೆ ಒಣಗಿಸು. ಪುಡಿ ಬೆಳ್ಳಗೇ ಉದುರುವ ತನಕ ಬಿಡಲಿಲ್ಲ. ಪ್ರೈಮರ್ (ಅಡಿಬಣ್ಣ) ಹೊಡೆಯುವ ಮುಂಚೆ ಹಿಡಿಗೆ ಇನ್ನೊಂದು ಕೈ ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳಲ್ಲ. ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಸಿಕ್ಕಾಗ ಚಹಾ ಕುಡಿಸಿ, ನೋಡೋಣ.

ಮುಂದಿನದು ಮಾಮೂಲಿ ಕೆಲಸವೇ. ಕಾರಿಗೆ ಹೊಡೆಯುವ, ಹಾರ್ಡ್‌ನರ್ ಬೆರೆಸುವ 2ಕೆ ಪಿಯು (ಪಾಲಿಯುರೆಥೇನ್) ಪ್ರೈಮರ್, 400ರ ಪೇಪರಿನಲ್ಲಿ ನೀರು ಹಾಕಿ ತಿಕ್ಕುವುದು, ಮೇಲೆ ಮ್ಯಾಟ್ ಆಲಿವ್ ತೆಳ್ಳಗೆ ಎರಡು ಕೋಟ್. ಸ್ಪ್ರೇ ಗನ್ನು, ಕಂಪ್ರೆಸರ್ ಅದೇ ಹುಡುಗನದು, ಹೊಡೆದದ್ದು ನಾನು. ಹಾರ್ಡ್‌ನರಿನ ಹೊಗೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಬಯಲಲ್ಲೇ ಹೊಡೆಯಿರಿ. ಆಕ್ಷನ್ ಕೂರುವ ಜಾಗಕ್ಕೆ ಟೇಪ್ ಸುತ್ತಲೇಬೇಕು. ಅಲ್ಲಿ ಬಣ್ಣ ಕೂತರೆ ಆಕ್ಷನ್ ಸರಿಯಾಗಿ ಕೂರಲ್ಲ, ಹೊಡೆದ ಗುಂಡುಗಳು ಒಂದೆಡೆ ಬೀಳದೆ ಚದುರುತ್ತವೆ.

ನಡುವೆ ಸುಮ್ನೆ ಒಂದಿಷ್ಟು ಆಟ. ಒಣಗಿದ ಹೀರೆಕಾಯಿಯ ನಾರನ್ನು ಕಂದು ಬಣ್ಣಕ್ಕೆ ಅದ್ದಿ ಪ್ಲೈವುಡ್ ತುಂಡಿನ ಮೇಲೆ ಒತ್ತಿದೆ. ಒಣ ಹುಲ್ಲಿನ ಹಾಗೆ ಬಂತು, ಸ್ಪಂಜಿಗಿಂತ ಎಷ್ಟೋ ವಾಸಿ. ಸ್ಟಾಕಿನ ಮುಂಭಾಗದ ಕಡೆ ಅದನ್ನೇ ಬಳಸಿದೆ. ಹಿಡಿತಕ್ಕೆಂದು ಬಣ್ಣವಿಲ್ಲದ ಕ್ಲಿಯರ್ ಕೋಟಿನಲ್ಲಿ ನಯ ಮರಳು ಬೆರೆಸಿ ಇನ್ನೊಂದು ತುಂಡಿಗೆ ಹೊಡೆದೆ. ಅಂಗೈ ತರಚುತ್ತದೆ, ಬೇಡ.

ಈ ಸಲದ ಖರ್ಚು ಎರಡೂವರೆ ಸಾವಿರದ ಆಸುಪಾಸು, ಸ್ಪ್ರೇ ಗನ್ನಿನ ಬಾಡಿಗೆ ಸೇರಿ. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಆದರೆ ವಾರ ಬಿಟ್ಟೇ ಸ್ಕ್ರೂ ಹಾಕಿ. ಅವಸರ ಮಾಡಿದರೆ ಸ್ಕ್ರೂ ತಲೆಯ ಸುತ್ತ ಬಣ್ಣ ಹಿಸುಕಿ ಬಳೆಯಂತೆ ಏಳುತ್ತದೆ. ಒಂದು ಮಳೆಗಾಲ ದಾಟಿದೆ, ಬಣ್ಣ ಹಾಗೇ ಇದೆ. ವಿಜಯಪುರದ ಹುಡುಗ ಈಗ ಚಾಕ್ ಪೌಡರ್ ಎಲ್ಲಿ ತಂದಿರಿ ಅಂತ ಕೇಳುತ್ತಿದ್ದಾನೆ.